ಏಳೆಂಟ್ಲ ಐವತ್ತನಾಲ್ಕು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಹುಡುಗ ಆರನೆಯ ತರಗತಿಯಲ್ಲಿ ಓದುತ್ತಾನೆ. ಕಳೆದ ತಿಂಗಳು ಅವನು ಕಪ್ಪು ಕನ್ನಡಕ ಧರಿಸಿ, ತಾರಸಿಯ ನೀರಿನ ಟಾಂಕಿಯ ಪಕ್ಕದಲ್ಲಿ ಕುಣಿಯುತ್ತ, ಏಳರ ಮಗ್ಗಿಯನ್ನು ಹಾಡಿ ರೀಲ್ ಮಾಡಿದ. ‘ಸೆವೆನ್ ಏಟ್ಸ್ ಆರ್ ಫಿಫ್ಟಿ ಫೋರ್, ಒನ್ಸ್ ಮೋರ್, ಒನ್ಸ್ ಮೋರ್’ ಎಂಬುದು ಅದರ ಪಲ್ಲವಿ. ಪ್ರಾಸಕ್ಕೆ ಎರಡು ಕಡಿಮೆ ಬಿತ್ತು, ಅಷ್ಟೆ. ಲೈಕುಗಳು 312 ಬಂದವು. ಲೈಕ್ ಒತ್ತಿದವರಲ್ಲಿ ಅವನ ತಂದೆ, ಗಣಿತದ ಟೀಚರ್ ಮತ್ತು ಈ ಲೇಖಕ ಮೂವರೂ ಇದ್ದೇವೆ. ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಇದನ್ನು ಹುಡುಗನ ಹುಡುಗಾಟವೆಂದು ತಿಳಿಯಬೇಡಿ, ಇದು ಅವನ ಹೋಮ್‌ವರ್ಕ್. ಗಣಿತವೆಂದರೆ ಮಕ್ಕಳು ಬೆದರುತ್ತಾರೆ, ಆದ್ದರಿಂದ ಅವರು ಎಲ್ಲಿದ್ದಾರೋ ಅಲ್ಲಿಗೇ ಗಣಿತ ಹೋಗಬೇಕು ಎಂದು ಶಾಲೆಯವರು ಪಾಲಕರ ಸಭೆಯಲ್ಲಿ ಘೋಷಿಸಿದರು. ಮಕ್ಕಳು ಇನ್‌ಸ್ಟಾಗ್ರಾಮಿನಲ್ಲಿದ್ದಾರೆ ಎಂಬುದು ಅವರ ಊಹೆ. ಆದರೆ ಅಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕು, ಆರನೆಯ ತರಗತಿಯವರಿಗೆ ಹನ್ನೊಂದು. ‘ಅದೊಂದು ಸಣ್ಣ ಅಡ್ಜಸ್ಟ್‌ಮೆಂಟ್’ ಎಂದು ವೇದಿಕೆಯಿಂದ ಸಮಾಧಾನ ಬಂತು. ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರಲ್ಲಿ ಸಂಸತ್ತು ಕಾನೂನು ಮಾಡಿದೆ; ನಮ್ಮ ಒಪ್ಪಿಗೆಯನ್ನಂತೂ ಆ ಸಭೆಯಲ್ಲೇ ಚಹಾ-ಬಿಸ್ಕಿಟಿನ ಜೊತೆ ಪಡೆದುಕೊಳ್ಳಲಾಯಿತು. ಹುಡುಗ ಆ ರಾತ್ರಿಯೇ ತನ್ನ ಜನ್ಮವರ್ಷದಿಂದ ಹತ್ತನ್ನು ಕಳೆದು ಇಪ್ಪತ್ತೊಂದರ ಯುವಕನಾದ. ಈ ಇಡೀ ವರ್ಷ ಅವನು ತಪ್ಪಿಲ್ಲದೆ ಮಾಡಿದ ವ್ಯವಕಲನ ಅದೊಂದೇ ಎಂದು ಅವನ ತಾಯಿ ಹೇಳುತ್ತಾರೆ.

ಅದೇ ಶಾಲೆಯ ಗೇಟಿನಲ್ಲಿ ‘ಮೊಬೈಲ್ ತಂದರೆ ಜಪ್ತಿ’ ಎಂಬ ಫಲಕವೂ ಇದೆ. ಮೊಬೈಲ್ ಚಟದ ಅಪಾಯಗಳ ಕುರಿತು ಶಾಲೆಯ ಆಪ್ತಸಲಹೆಗಾರರು ನೀಡಿದ ಉಪನ್ಯಾಸ ಮಕ್ಕಳ ಮೊಬೈಲಿಗೇ ಬಂತು, ಪೂರ್ತಿ ನೋಡಿದವರಿಗೆ ಒಂದು ಅಂಕ.

ತರಗತಿಯೊಳಗೆ ಕ್ವಿಝ್ ನಡೆಯುತ್ತದೆ. 2013ರಲ್ಲಿ ನಾರ್ವೆಯಿಂದ ಬಂದ ಕಹೂಟ್ ಈ ಬಗೆಯ ಆಟಗಳಲ್ಲಿ ಪ್ರಸಿದ್ಧವಾದುದು. ಅದರ ಸಾಮಾನ್ಯ ನಿಯಮದಂತೆ ಥಟ್ಟನೆ ಸರಿಯುತ್ತರ ಕೊಟ್ಟವನಿಗೆ 1000 ಅಂಕ, ಕೊನೆಯ ಕ್ಷಣದವರೆಗೆ ಯೋಚಿಸಿ ಅದೇ ಉತ್ತರ ಕೊಟ್ಟವನಿಗೆ ಸುಮಾರು 500. ನಮ್ಮ ಶಾಲೆ ಅಂಥದ್ದೇ ಒಂದನ್ನು ಆರಿಸಿಕೊಂಡಿದೆ. ಕಣ್ಣು ಮುಚ್ಚಿ ಒತ್ತಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ ಎಂಬ ಸಂಭವನೀಯತೆಯ ತತ್ತ್ವವನ್ನು ಮಕ್ಕಳು ಯಾರೂ ಕಲಿಸದೆ ತಾವೇ ಕಂಡುಕೊಂಡಿದ್ದಾರೆ, ಅಷ್ಟರಮಟ್ಟಿಗೆ ಯೋಜನೆ ಯಶಸ್ವಿ. ಮನೆಯಲ್ಲಿ ಆಡುವ ಇನ್ನೊಂದು ಆಟದಲ್ಲಿ ರಾಕ್ಷಸನನ್ನು ಹೊಡೆಯಬೇಕಾದರೆ ಮೊದಲು ಒಂದು ಭಾಗಾಕಾರ ಮಾಡಬೇಕು. ರಾಕ್ಷಸನಿಗೂ ಭಾಗಾಕಾರಕ್ಕೂ ಯಾವ ಸಂಬಂಧವೂ ಇಲ್ಲ. ಅದೊಂದು ಟೋಲ್ ನಾಕಾ. ಮುಂಬಯಿಯ ಪ್ರವೇಶದ ನಾಕಾಗಳಲ್ಲಿ ಕಾರುಗಳಿಗೆ 2024ರ ಅಕ್ಟೋಬರಿನಲ್ಲಿ ಟೋಲ್ ಮಾಫಿಯಾಯಿತು, ಹುಡುಗ ಮಾತ್ರ ಇನ್ನೂ ಕಟ್ಟುತ್ತಲೇ ಇದ್ದಾನೆ, ಅದೂ ಅಕ್ಕನ ಕ್ಯಾಲ್ಕುಲೇಟರಿನಿಂದ.

ಆಟದ ಮೇಲೆ ನನಗೇನೂ ಹಗೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತಕ್ಕೆ ಒಗಟು ಮತ್ತು ಆಟಗಳನ್ನು ಬಳಸಿ ಎಂದೇ ಹೇಳಿದೆ, ಲೈಕು ಎಣಿಸಿ ಎಂದು ಹೇಳಿಲ್ಲ. ಆ ಹುಡುಗನ ಮನೆಯಲ್ಲೇ ಅಂಥದೊಂದು ಆಟ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು: ಕಾರ್ಕಳದಿಂದ ಅಜ್ಜಿ ತಂದ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಯಾವ ಗುಳಿಯಿಂದ ಕಾಯಿ ತೆಗೆದರೆ ಕೊನೆಯದು ಎಲ್ಲಿ ಬೀಳುತ್ತದೆ ಎಂದು ಮೊದಲೇ ಎಣಿಸದವನು ಸೋಲುತ್ತಾನೆ. ಅಲ್ಲಿ ಲೆಕ್ಕ ಬಿಟ್ಟರೆ ಆಟವೇ ಇಲ್ಲ. ಅಜ್ಜಿ ಇದನ್ನು ಮಗನ ಮೂಲಕ ಶಾಲೆಗೆ ಸೂಚಿಸಿದರು. ಚಾರ್ಜಿಂಗ್ ಪಾಯಿಂಟ್ ಇಲ್ಲದ ವಸ್ತು ಡಿಜಿಟಲ್ ಕಲಿಕೆಯಡಿ ಬರುವುದಿಲ್ಲ ಎಂದು ಉತ್ತರ ಬಂತು.

ಟೀಚರನ್ನು ದೂರುವಂತಿಲ್ಲ. ಮೊದಲು ಆಕೆ ಕಲ್ಯಾಣದಿಂದ ಬರುವಾಗ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಮಕ್ಕಳ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದರು. ಈಗ ಅದೇ ಕಂಬಕ್ಕೆ ಒರಗಿ ಅರುವತ್ತು ಮಕ್ಕಳ ರೀಲುಗಳ ಲೈಕುಗಳನ್ನೂ ಕಾಮೆಂಟುಗಳನ್ನೂ ಎಣಿಸಿ ತಖ್ತೆಗೆ ಏರಿಸುತ್ತಾರೆ. ಹುಡುಗನ ನೋಟ್‌ಬುಕ್ಕನ್ನು ನಾನು ತೆರೆದು ನೋಡಿದೆ. ಜೂನ್ ತಿಂಗಳ ಪುಟಗಳಲ್ಲಿ ಕೆಂಪು ಶಾಯಿ ಇದೆ, ಆಮೇಲೆ ಇಲ್ಲ.

ಕಡೆಗೂ ರೀಲನ್ನು ಅಜ್ಜಿಗೆ ತೋರಿಸಿದರು. ಕುಣಿತವನ್ನು ಮೆಚ್ಚಿ ನಕ್ಕ ಅಜ್ಜಿ, ಪಲ್ಲವಿ ಬಂದೊಡನೆ ‘ಏಳೆಂಟ್ಲ ಐವತ್ತಾರು ಅಲ್ವಾ ಮಗಾ? ಚೆನ್ನೆಮಣೆಯ ಕಾಯಿ ಅಷ್ಟೇ ಇರುವುದು’ ಎಂದರು. ಮನೆಯಲ್ಲಿ ಮೌನ. ತಂದೆ ಮೊಬೈಲಿನಲ್ಲಿ ಗುಣಿಸಿ ನೋಡಿ ಹೌದೆಂದರು. ಹೊಸದಾಗಿ ಚಿತ್ರೀಕರಿಸೋಣವೆಂದರೆ ಹಳೆಯದನ್ನು ಅಳಿಸಬೇಕು, ಅಳಿಸಿದರೆ 312 ಲೈಕು ಹೋಗುತ್ತವೆ, ಲೈಕು ಹೋದರೆ ಆಂತರಿಕ ಅಂಕ ಹೋಗುತ್ತದೆ. ಪ್ರಾಸವೂ ಹೊಸದಾಗಿ ಬೇಕು. ಹಾಗಾಗಿ ಏಳೆಂಟ್ಲ ಐವತ್ತನಾಲ್ಕೇ ಉಳಿಯಿತು.

ಅಜ್ಜಿ ಸುಮ್ಮನಿರಲಿಲ್ಲ. ಮೊಮ್ಮಗಳ ಕೈಯಿಂದ ರೀಲಿನ ಕೆಳಗೆ ಕನ್ನಡದಲ್ಲೇ ‘ಐವತ್ತಾರು’ ಎಂದು ಬರೆಸಿದರು. ಮರುದಿನ ಟೀಚರು ತಖ್ತೆಯಲ್ಲಿ ಅದನ್ನೂ ಒಂದು ಕಾಮೆಂಟ್ ಎಂದು ಸೇರಿಸಿಕೊಂಡು ಹುಡುಗನಿಗೆ ಇನ್ನರ್ಧ ಅಂಕ ಕೊಟ್ಟರು.