ಆಕ್ಸಾಲಿಕ್ ಆಮ್ಲಕ್ಕೆ ಒಂದೇ ಸಾಲಾ?

ಶಿಲೀಂಧ್ರ ಮತ್ತು ಲೋಹಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಶಿಲೀಂಧ್ರಗಳು ಕಬ್ಬಿಣಕ್ಕಾಗಿ ಸೈಡರೋಫೋರ್ (ಕಬ್ಬಿಣವನ್ನು ಹಿಡಿಯುವ ಸಣ್ಣ ಅಣು) ಬಿಡುವ ಕಥೆ ಚೆನ್ನಾಗಿ ಬರೆದಿದ್ದೀರಿ. ಆದರೆ ಅವೇ ಬಿಡುವ ಆಕ್ಸಾಲಿಕ್ ಆಮ್ಲವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸ್ವಲ್ಪ ಅನ್ಯಾಯ ಅಲ್ವಾ?

ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಗಾಳಿ ತಾಗಿದರೆ ತುಕ್ಕಾಗಿ ಕೂತುಬಿಡುತ್ತದೆ, ನೀರಿಗೆ ಇಳಿಯುವುದೇ ಇಲ್ಲ. ಅದಕ್ಕೇ ಶಿಲೀಂಧ್ರ ಸಣ್ಣ ಅಣುಗಳನ್ನು ಹೊರಗೆ ಬಿಟ್ಟು ಅದನ್ನು ಹಿಡಿದು ತರಿಸಿಕೊಳ್ಳುತ್ತದೆ. 1952ರಲ್ಲಿ ನೀಲ್ಯಾಂಡ್ಸ್ ಎಂಬ ವಿಜ್ಞಾನಿ ಕಾಡಿಗೆ ರೋಗದ (ಸ್ಮಟ್) ಶಿಲೀಂಧ್ರದಿಂದ ಬೇರ್ಪಡಿಸಿದ ಫೆರಿಕ್ರೋಮ್ ಇಂಥದ್ದೇ. ಆರು ಆಮ್ಲಜನಕ ಪರಮಾಣುಗಳು ಕಬ್ಬಿಣವನ್ನು ಸುತ್ತುವರಿದು ಹಿಡಿಯುತ್ತವೆ.

ಆಕ್ಸಾಲಿಕ್ ಆಮ್ಲದ ಆಟವೇ ಬೇರೆ. ಕಬ್ಬಿಣ, ಅಲ್ಯೂಮಿನಿಯಂ ಸಿಕ್ಕರೆ ಕರಗಿಸುತ್ತದೆ. ಕ್ಯಾಲ್ಸಿಯಂ, ತಾಮ್ರ, ಸೀಸ ಸಿಕ್ಕರೆ ಹರಳು ಮಾಡಿ ಕೂರಿಸುತ್ತದೆ. ಗೆದ್ದಲು, ಬೂಸ್ಟು ಬಾರದಿರಲಿ ಅಂತ ತಾಮ್ರದ ಔಷಧಿ ಹೊಡೆದ ಮರವನ್ನೂ ಕೆಲವು ಶಿಲೀಂಧ್ರಗಳು ಆರಾಮಾಗಿ ಕೊಳೆಸುತ್ತವೆ. ವಿಷವಾಗಬೇಕಿದ್ದ ತಾಮ್ರ ಈ ಆಮ್ಲದೊಂದಿಗೆ ಸೇರಿ ಆಕ್ಸಲೇಟ್ ಎಂಬ ಹರಳಾಗಿ ಮೂಲೆ ಸೇರಿರುತ್ತದೆ. ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ನೋಡುವಾಗ ಮೈತುಂಬ ಸೂಜಿಯಂಥ ಹರಳು. ಧೂಳು ಅಂದುಕೊಂಡು ಸುಮ್ನೆ ಸ್ಲೈಡ್ ಒರೆಸಲು ಹೋಗಿದ್ದೆ! ಅದು ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಆಮೇಲೆ ಗೊತ್ತಾಯಿತು.

ಕೊನೆಗೆ 'ಲೋಹದ ಮಾಲಿನ್ಯಕ್ಕೆ ಶಿಲೀಂಧ್ರವೇ ಮದ್ದು' ಅಂದಿದ್ದೀರಲ್ಲ, ಅದು ಜಾಸ್ತಿಯಾಯಿತು. ಸೀಸ ಎಲ್ಲಿಗೂ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ. ಸೀಸವನ್ನು ಭದ್ರವಾಗಿ ಹಿಡಿದಿಡುವ ಪೈರೋಮಾರ್ಫೈಟ್ ಎಂಬ ಖನಿಜವನ್ನೇ ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಸ್ಟು ಕರಗಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅಂಥ ಮಣ್ಣಿನಲ್ಲಿ ಶಿಲೀಂಧ್ರ ಬಿಡುವ ಆಮ್ಲಗಳು ಸೀಸದ ಒಂದು ಪಾಲನ್ನಾದರೂ ಮತ್ತೆ ಓಡಾಡಲು ಬಿಡಬಹುದು.