ನಾಯಿಯ ಹುಣ್ಣಿಗೆ ಏನಾದರೂ ಹಚ್ಚುವ ಮೊದಲು

ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ನಾಯಿ ಸಾಕಿದವರು ಕೇಳುವ ಪ್ರಶ್ನೆ ಒಂದೇ: ಹುಣ್ಣಾಗಿದೆ, ಏನು ಹಚ್ಚಲಿ? ಡೊಂಬಿವಲಿ, ಕಾಂದಿವಲಿ, ಮಾಟುಂಗಾದ ನಮ್ಮ ಕನ್ನಡಿಗರಲ್ಲಿ ಇದಕ್ಕೆ ಉತ್ತರ ಕೊಡುವವರಿಗೆ ಬರವಿಲ್ಲ. ಅರಸಿನ ಮತ್ತು ತೆಂಗಿನೆಣ್ಣೆ, ಬೇವಿನೆಣ್ಣೆ, ಕರ್ಪೂರ ಹಾಕಿ ಕಾಯಿಸಿದ ಎಣ್ಣೆ, ಮನೆಯವರ ಗಜಕರ್ಣಕ್ಕೆ ತಂದು ಮಿಕ್ಕ ಮುಲಾಮು, ಹೀಗೆ ಒಬ್ಬೊಬ್ಬರದೂ ಒಂದೊಂದು. ಮನೆಮದ್ದನ್ನು ನಾನು ತಳ್ಳಿಹಾಕುವವಳಲ್ಲ. ಆದರೆ ನಾಯಿಯ ಮೈಗೆ ಹಚ್ಚಿದ್ದು ಸ್ವಲ್ಪ ಹೊತ್ತಿನಲ್ಲೇ ಅದರ ಹೊಟ್ಟೆ ಸೇರುತ್ತದೆ ಎಂಬುದನ್ನು ಮರೆತು ಕೊಡುವ ಯಾವ ಸಲಹೆಯನ್ನೂ ನಾನು ಒಪ್ಪಲಾರೆ.

ಮನುಷ್ಯರು ತಮ್ಮ ಗಾಯವನ್ನು ನೆಕ್ಕುವುದಿಲ್ಲ, ನಾಯಿ ನೆಕ್ಕದೆ ಬಿಡುವುದಿಲ್ಲ. ನಾವು ನಿಶ್ಚಿಂತೆಯಿಂದ ಬಳಸುವ ಎಷ್ಟೋ ವಸ್ತುಗಳು ಅದಕ್ಕೆ ವಿಷವಾಗುವುದು ಈ ಕಾರಣದಿಂದಲೇ. ಕರ್ಪೂರ, ನುಸಿಗುಳಿಗೆಯ ಪುಡಿ, ಟೀ ಟ್ರೀ ಎಣ್ಣೆ, ಮಕ್ಕಳಿಗೆ ಹಚ್ಚುವ ಸತುವಿನ ಬಿಳಿ ಕ್ರೀಮು, ಇವ್ಯಾವುವೂ ಒಳಗೆ ಹೋಗಬಾರದು. ಸೋರಿಯಾಸಿಸ್‌ಗೆ ಬಳಸುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮಂತೂ ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ಮೂತ್ರಪಿಂಡಗಳನ್ನು ಹಾಳುಮಾಡಬಲ್ಲದು. ಸ್ಟೆರಾಯ್ಡ್ ಬೆರೆತ ಮುಲಾಮು ಒಂದೆರಡು ದಿನ ಕೆಂಪನ್ನು ಇಳಿಸಿ ಸಮಾಧಾನ ಕೊಡುತ್ತದೆ. ಹುಣ್ಣಿಗೆ ಶಿಲೀಂಧ್ರ ಕಾರಣವಾಗಿದ್ದರೆ ಅಷ್ಟರಲ್ಲಿ ಅದು ಒಳಗೊಳಗೇ ಹರಡಿರುತ್ತದೆ.

ಅರಸಿನ ಮತ್ತು ಎಣ್ಣೆಯ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಶಿಫಾರಸು ಮಾಡುವ ಹಿರಿಯರ ಮೇಲೆ ನನಗೆ ಗೌರವವಿದೆ. "ಊರಿನಲ್ಲಿ ಎಷ್ಟು ನಾಯಿ ಸಾಕಿಲ್ಲ ನಾವು, ಯಾವುದಕ್ಕೆ ಡಾಕ್ಟ್ರು ಬೇಕಾಗಿತ್ತು ಮಾರಾಯ್ತಿ?" ಎಂದು ನೆರೆಯ ದೊಡ್ಡಮ್ಮ ಕೇಳಿದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಊರಿನ ಆ ನಾಯಿಗೆ ಗಿಡ್ಡ ಕೂದಲಿತ್ತು, ಬಿಸಿಲು ಬೀಳುವ ಅಂಗಳವಿತ್ತು. ಇಲ್ಲಿ ಜುಲೈಯಲ್ಲಿ ಬಟ್ಟೆಯೇ ಒಣಗದ ಫ್ಲ್ಯಾಟುಗಳಲ್ಲಿ ನಾವು ದಟ್ಟ ಕೂದಲಿನ ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಸಾಕುತ್ತಿದ್ದೇವೆ. ಒದ್ದೆ ಕೂದಲಿನ ಅಡಿಯಲ್ಲಿ ತುರಿಕೆ ಶುರುವಾಗಿ, ನಾಯಿ ಕಚ್ಚಿ ನೆಕ್ಕಿ, ಕೆಲವೇ ಗಂಟೆಗಳಲ್ಲಿ ಅಂಗೈಯಗಲ ಹರಡುವ ಹಸಿ ಹುಣ್ಣನ್ನು ವೈದ್ಯರು ಹಾಟ್ ಸ್ಪಾಟ್ ಎನ್ನುತ್ತಾರೆ. ಅದಕ್ಕೆ ಬೇಕಾದದ್ದು ಗಾಳಿ ಮತ್ತು ಶುಷ್ಕತೆ. ಎಣ್ಣೆ ಕೂದಲನ್ನು ಅಂಟಿಸಿ ತೇವವನ್ನು ಒಳಗೇ ಹಿಡಿದಿಡುತ್ತದೆ. ಅರಸಿನದ ಹಳದಿಯಲ್ಲಿ ಕೆಂಪು ಎಲ್ಲಿಯವರೆಗೆ ಹರಡಿದೆ ಎಂಬುದು ವೈದ್ಯರಿಗೂ ಕಾಣದಂತಾಗುತ್ತದೆ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದೇನು? ಹುಣ್ಣಿನ ಸುತ್ತಲಿನ ಕೂದಲನ್ನು ಟ್ರಿಮ್ಮರ್‌ನಿಂದ ತೆಗೆಯಬೇಕು. ಕತ್ತರಿ ಬೇಡ, ನೋವಿಗೆ ನಾಯಿ ಹೊರಳಿದರೆ ಚರ್ಮವೇ ಕತ್ತರಿಸಿಹೋಗುತ್ತದೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟ ಟೀ ಚಮಚ ಉಪ್ಪು ಹಾಕಿ ಆ ನೀರಿನಿಂದ ತೊಳೆಯಬಹುದು, ಅಥವಾ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಬಳಸಬಹುದು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸಿ ಶುಚಿಯಾದಂತೆ ತೋರಿಸಿದರೂ ಹೊಸದಾಗಿ ಬೆಳೆಯುವ ಚರ್ಮವನ್ನೂ ಸುಡುತ್ತದೆ. ತೊಳೆದ ಮೇಲೆ ಶುದ್ಧ ಬಟ್ಟೆಯಿಂದ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಬೇಕು. ನಾಯಿ ಹುಣ್ಣನ್ನು ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕುವುದನ್ನು ಹಿಂಸೆಯೆಂದು ಹಲವರು ಬಿಟ್ಟುಬಿಡುತ್ತಾರೆ. ಈ ಇಡೀ ಚಿಕಿತ್ಸೆಯಲ್ಲಿ ಅದಕ್ಕಿಂತ ಮುಖ್ಯವಾದದ್ದಿಲ್ಲ ಎಂದು ನಾನು ನಂಬಿದ್ದೇನೆ. ಎರಡನೆಯ ದಿನವೂ ಹುಣ್ಣು ಒಣಗಲು ತೊಡಗದಿದ್ದರೆ, ಕೀವು ಅಥವಾ ದುರ್ವಾಸನೆ ಇದ್ದರೆ, ಕಣ್ಣು ಕಿವಿಗಳ ಬಳಿ ಇದ್ದರೆ, ನಾಯಿ ಊಟ ಬಿಟ್ಟಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಉಣ್ಣಿ, ಚಿಗಟ, ಕಜ್ಜಿಹುಳು, ಅಲರ್ಜಿ ಇವುಗಳಲ್ಲಿ ಯಾವುದು ಮೂಲ ಎಂದು ತಿಳಿಯದೆ ಮೇಲಿನ ಹುಣ್ಣನ್ನಷ್ಟೇ ಒಣಗಿಸಿದರೆ ಅದು ಮತ್ತೆ ಏಳುತ್ತದೆ.

ಬೀದಿನಾಯಿಗಳ ಹುಳು ಬಿದ್ದ ಗಾಯದ ಸಂಗತಿ ನನ್ನನ್ನು ಬಹಳ ನೋಯಿಸುತ್ತದೆ. ನೊಣ ಮೊಟ್ಟೆಯಿಟ್ಟ ಗಾಯದಲ್ಲಿ ಒಂದು ದಿನದೊಳಗೇ ಹುಳುಗಳು ಹೊರಬಂದು ಮಾಂಸದ ಒಳಕ್ಕೆ ಕೊರೆಯುತ್ತವೆ. ಕರುಣೆಯಿಂದಲೇ ಅದರ ಮೇಲೆ ಫಿನಾಯಿಲ್, ಸೀಮೆಎಣ್ಣೆ, ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಸುರಿಯುವವರನ್ನು ನಮ್ಮ ಕಟ್ಟಡದ ಗೇಟಿನ ಬಳಿಯೇ ನೋಡಿದ್ದೇನೆ. ಮೇಲಿನ ಹುಳು ಸಾಯಬಹುದು, ಜೊತೆಗೆ ನಾಯಿಯ ಮಾಂಸವೂ ಸುಡುತ್ತದೆ, ಆಳದ ಹುಳು ಉಳಿಯುತ್ತದೆ, ಸುರಿದದ್ದನ್ನು ನಾಯಿ ನೆಕ್ಕುತ್ತದೆ. ಈ ಗಾಯಕ್ಕೆ ಮನೆಮದ್ದೇ ಇಲ್ಲ. 1886ರಿಂದ ಪಶುವೈದ್ಯಕೀಯ ಕಾಲೇಜು ಇರುವ, ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆಯಿರುವ ಊರು ನಮ್ಮದು. ದೂರದ ಉಪನಗರಗಳಲ್ಲಿರುವವರು ಹತ್ತಿರದ ಪಶುವೈದ್ಯರನ್ನೋ ಪ್ರಾಣಿ ರಕ್ಷಣೆಯ ಸ್ವಯಂಸೇವಕರನ್ನೋ ಅದೇ ದಿನ ಕರೆಯಬೇಕು.

ಮೈ ಬಿಸಿಯಿದೆ ಎಂದು ನಮ್ಮ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಮಾತ್ರೆಯನ್ನು ಕೊಡಲೇಬಾರದು. ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಮುಟ್ಟಿದರೆ ನಮಗೆ ಬಿಸಿಯೆನಿಸುವುದು ಸಹಜ. ಕೂದಲುದುರಿದ ಗುಂಡಗಿನ ಮಚ್ಚೆಗಳಿದ್ದು ಮನೆಯ ಮಕ್ಕಳ ಕೈಯಲ್ಲೂ ಅಂಥದ್ದೇ ಕಂಡರೆ ಮಕ್ಕಳನ್ನೂ ಚರ್ಮವೈದ್ಯರಿಗೆ ತೋರಿಸಿ. ಈಗಾಗಲೇ ನಾಯಿಗೆ ಏನನ್ನಾದರೂ ಹಚ್ಚಿದ್ದರೆ ಪಶುವೈದ್ಯರ ಬಳಿ ಸಂಕೋಚಪಟ್ಟು ಮುಚ್ಚಿಡಬೇಡಿ. ಟ್ಯೂಬು ಅಥವಾ ಬಾಟಲಿಯನ್ನು ಜೊತೆಗೆ ಒಯ್ದು, ಯಾವಾಗ ಹಚ್ಚಿದಿರಿ, ಎಷ್ಟು ನೆಕ್ಕಿರಬಹುದು ಎಂಬುದನ್ನು ಮೊದಲೇ ಹೇಳಿ.