ಮೈ ಮುಟ್ಟಿ ಎಣಿಸುವ ಲೆಕ್ಕ ಶಾಲೆಯಲ್ಲಿ ಬೇಕೇ?

ಪರ

ಪಪುವಾ ನ್ಯೂಗಿನಿಯ ಬೆಟ್ಟಸೀಮೆಯ ಒಕ್ಸಾಪ್ಮಿನ್ ಜನರ ಲೆಕ್ಕ ಅವರ ಮೈಮೇಲೆಯೇ ಇದೆ. ಒಂದು ಕೈಯ ಹೆಬ್ಬೆರಳು 1, ಕಿರುಬೆರಳು 5, ಮಣಿಕಟ್ಟು 6, ಮುಂಗೈ 7, ಮೊಣಕೈ 8, ಭುಜ 10. ಕತ್ತು, ಕಿವಿ, ಕಣ್ಣು ದಾಟಿ ಮೂಗಿಗೆ ಬಂದರೆ 14. ಅಲ್ಲಿಂದ ಇನ್ನೊಂದು ಬದಿಗೆ ಇಳಿದರೆ ಆ ಕೈಯ ಕಿರುಬೆರಳಿಗೆ 27.

ಇದನ್ನು ಶಾಲೆಯ ಹೊರಗೇ ಬಿಟ್ಟು ಬಾ ಅಂತ ಮಗುವಿಗೆ ಹೇಳುವುದು ಅನ್ಯಾಯ. ಮೊದಲ ತರಗತಿಗಳ ಲೆಕ್ಕ ಇದರಲ್ಲೇ ಶುರುವಾಗಬೇಕು. ಇದರಿಂದ ಕೂಡಿಸಲು ಆಗಲ್ಲ ಅನ್ನುವವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ 1978ರಿಂದ ಅಲ್ಲಿ ಮಾಡಿದ ಅಧ್ಯಯನ ನೋಡಲಿ. ಅಂಗಡಿ ವ್ಯಾಪಾರ ಬಂದ ಮೇಲೆ ಜನ ತಾವೇ ದಾರಿ ಹುಡುಕಿಕೊಂಡರು. 7ಕ್ಕೆ 9 ಕೂಡಿಸಬೇಕೇ? ಮುಂಗೈ ತನಕ ಎಣಿಸಿ, ಮುಂದಿನ ಮೊಣಕೈಯನ್ನು ‘ಹೆಬ್ಬೆರಳು’ ಅಂತ ಕರೆದು ಮತ್ತೆ ಮೊದಲಿಂದ ಹೊರಡುತ್ತಾರೆ. ಒಂಬತ್ತನೆಯ ಹೆಸರು ಆಚೆ ಬದಿಯ ಕಿವಿಯ ಮೇಲೆ ಬೀಳುತ್ತದೆ. ಕಿವಿ ಅಂದರೆ 16! ಯಾರೂ ಹೇಳಿಕೊಡದೆ ಶಾಲೆಯ ಮಕ್ಕಳೂ ಮೈಯೆಣಿಕೆಯಿಂದ ಲೆಕ್ಕ ಬಿಡಿಸುತ್ತಿದ್ದರು.

ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ತರಗತಿಗೆ ಬಂದ ಹುಡುಗನೊಬ್ಬ ಬೆಂಚಿನ ಕೆಳಗೆ ಕೈ ಅಡಗಿಸಿಕೊಂಡು ಎಣಿಸುತ್ತಿದ್ದ. ಬೆರಳೆಣಿಸಿದರೆ ಹಿಂದಿನ ಶಾಲೆಯಲ್ಲಿ ಬೈಗುಳ ಬೀಳುತ್ತಿತ್ತಂತೆ. ಕೈ ಮೇಲಿಟ್ಟು ಎಣಿಸಪ್ಪಾ ಅಂದೆ. ಹೆಬ್ಬೆರಳನ್ನು ಒಂದೊಂದೇ ಗೆಣ್ಣಿನ ಮೇಲೆ ಸರಿಸುತ್ತಾ ಒಂದೇ ಕೈಯಲ್ಲಿ 12ರವರೆಗೆ ಹೋದ. ಅಜ್ಜಿ ಕಲಿಸಿದ್ದು ಅಂದ. ಆ ವಾರವೇ ಅವನಿಗೆ ಮೂರರ ಮಗ್ಗಿ ಬಂತು. ಪ್ರತಿ ಬೆರಳಿಗೂ ಮೂರು ಗೆಣ್ಣು, ಅಲ್ವಾ? ಒಕ್ಸಾಪ್ಮಿನ್ ಮಗುವಿಗೆ 27 ಜಾಗಗಳಿವೆ. ಅವನ್ನು ಕಿತ್ತುಕೊಳ್ಳಲು ನಾವ್ಯಾರು?

ವಿರೋಧ

ಈ ಎಣಿಕೆ ಉಳಿಯಬೇಕು ಅನ್ನುವುದು ನನಗೂ ಒಪ್ಪಿಗೆ. ಆದರೆ ಈ ಚರ್ಚೆಯಲ್ಲಿ ನನಗೆ ಕೊಟ್ಟಿರುವುದು ಶಾಲೆಯಲ್ಲಿ ಬೇಡ ಅನ್ನುವ ಪಕ್ಷ. ಅದಕ್ಕೂ ಗಟ್ಟಿ ಕಾರಣಗಳಿವೆ.

ಪಪುವಾ ನ್ಯೂಗಿನಿಯಲ್ಲಿ 800ಕ್ಕೂ ಜಾಸ್ತಿ ಭಾಷೆಗಳಿವೆ. ಎಣಿಕೆಯ ಬಗೆಗಳೂ ಹಲವು. ಎಲ್ಲಕ್ಕೂ ಪಠ್ಯಪುಸ್ತಕ ಬರೆಯುವವರು ಯಾರು? ಬೇರೆ ಸೀಮೆಯಿಂದ ಬಂದ ಮೇಷ್ಟ್ರು ಅದನ್ನು ಕಲಿಸುವುದು ಹೇಗೆ? 1990ರ ದಶಕದಲ್ಲಿ ಮೊದಲ ತರಗತಿಗಳಿಗೆ ತಾಯ್ನುಡಿ ತಂದ ಸರ್ಕಾರವೇ 2013ರಲ್ಲಿ ಇಂಗ್ಲಿಷಿಗೆ ಮರಳಿತು.

1975ರಿಂದ ಅಲ್ಲಿನ ಹಣ ಕಿನಾ ಮತ್ತು ತೋಯಾ. 100 ತೋಯಾಕ್ಕೆ 1 ಕಿನಾ. ಈ ಲೆಕ್ಕ ಹತ್ತರ ಮೇಲೆ ನಿಂತಿದೆ. ಮೂಗು, ಕಿವಿ ಮುಟ್ಟುತ್ತಾ 340ನ್ನು 6ರಿಂದ ಭಾಗಿಸಲು ಆಗುತ್ತದೆಯೇ? ನೂಲಿನ ಚೀಲದಲ್ಲಿ ಕೈ ಇಳಿಸಿ ಅದರ ಆಳವನ್ನು ಈ ಎಣಿಕೆಯಲ್ಲೇ ಹೇಳುವವರು ಮನೆಯಲ್ಲಿರುವಾಗ ಮಗು ಅವರಿಂದಲೇ ಕಲಿಯುತ್ತದೆ. ದೊಡ್ಡ ತರಗತಿಗಳಲ್ಲಿ ಪರಿಚಯಕ್ಕಾಗಿ ಒಂದೆರಡು ಪಾಠ ಇಟ್ಟರೆ ನನ್ನ ತಕರಾರಿಲ್ಲ.